ಬಂಗಾರಿ ಬಣ್ಣ ಬದಲಿಸಿದ್ದು

ಹನ್ನೊಂದನೇ ನಂಬರಿನ ಬಸ್ಸು ಹತ್ತುವವರಿಗೆಲ್ಲ ಬಂಗಾರಿ ಗೊತ್ತು. ದುಂಡು ಮುಖ, ಜೋರು ಬಾಯಿ, ನಲವತ್ತು ದಾಟಿದ ವಯಸ್ಸು. ಅವಳ ನಿಜವಾದ ಹೆಸರು ಡಿಪೋದವರಿಗೆ ಬಿಟ್ಟರೆ ಇನ್ಯಾರಿಗೂ ನೆನಪಿರಲಿಲ್ಲ ಅನ್ನಿ. ತಲೆ ತುಂಬ ಚಿನ್ನದ ಬಣ್ಣದ ಕೂದಲು, ಬೆನ್ನಿನ ಅರ್ಧದವರೆಗೂ ಇಳಿದದ್ದು. ದೂರದ ತಿರುವಿನಲ್ಲಿ ಬಸ್ಸಿನ ನಂಬರು ಕಾಣುವ ಮುಂಚೆಯೇ ಗಾಜಿನ ಹಿಂದೆ ಆ ತಲೆ ಕಾಣುತ್ತಿತ್ತು. “ಬಂತು ಬಂಗಾರಿ ಬಸ್ಸು, ಏಳಿ ಏಳಿ” ಅಂತ ಸ್ಟಾಪಿನಲ್ಲಿ ಕೂತವರು ಚೀಲ ಎತ್ತಿಕೊಳ್ಳುತ್ತಿದ್ದರು.

ಹುಟ್ಟುವಾಗಲೇ ಹಾಗಿತ್ತಾ? ಎಲ್ಲಿಂದ ಬರಬೇಕು! ಹುಟ್ಟುವಾಗ ಎಲ್ಲರ ಹಾಗೇ ಕಪ್ಪು. ಡ್ರೈವರ್ ಆಗುವ ಮುಂಚೆ ಅವಳು ಅದೇ ಡಿಪೋದಲ್ಲಿ ಬಸ್ಸು ತೊಳೆಯುತ್ತಿದ್ದಳು. ಒಂದು ಕೈಯಲ್ಲಿ ಪೈಪು, ಇನ್ನೊಂದು ಕೈಯಲ್ಲಿ ಉದ್ದ ಕೋಲಿನ ಬ್ರಷ್ಷು, ಮೊಣಕಾಲಿನವರೆಗೆ ರಬ್ಬರ್ ಬೂಟು. ಡ್ರೈವರುಗಳು ಅವಳ ಬಕೀಟು ದಾಟಿಕೊಂಡು ಹೋಗುತ್ತಿದ್ದರೇ ಹೊರತು ಬಕೀಟಿನ ಪಕ್ಕದಲ್ಲಿ ಒಬ್ಬಳು ಹೆಂಗಸು ನಿಂತಿದ್ದಾಳೆ ಅಂತ ಯಾರೂ ತಲೆ ಎತ್ತಿ ನೋಡಿದ್ದಿಲ್ಲ. “ಏ ನೀರು, ಸ್ವಲ್ಪ ಆಚೆ!” ಅನ್ನೋರು. ಆಗ ಅವಳ ಹೆಸರು ‘ನೀರು’. ತೊಳೆದ ಬಸ್ಸನ್ನು ಸಾಲಿನಲ್ಲಿ ನಿಲ್ಲಿಸಬೇಕಲ್ಲ, ಆ ನೆಪದಲ್ಲಿ ಅಂಗಳದೊಳಗೇ ಹಿಂದೆ ಮುಂದೆ ಓಡಿಸಿ ಓಡಿಸಿ ಕೈ ಪಳಗಿಸಿಕೊಂಡಳು. ಪರೀಕ್ಷೆಗೆ ಕೂತಳು, ಒಂದು ಸಲ ಫೇಲಾದಳು, ಹಟ ಹಿಡಿದು ಮತ್ತೆ ಕೂತಳು, ಪಾಸಾದಳು. ಡ್ರೈವರ್ ಆದ ಮೊದಲ ಸಂಬಳ ಕೈಗೆ ಬಂದ ದಿನವೇ ನೆಟ್ಟಗೆ ಪಾರ್ಲರಿಗೆ ಹೋಗಿ ಕೂತಳು.

“ಏನು ಮಾಡ್ಲಿ?” ಅಂತ ಪಾರ್ಲರಮ್ಮ ಕೇಳಿದಳು.

“ನನ್ನನ್ನ ನೋಡದೆ ಯಾರೂ ದಾಟಿ ಹೋಗಬಾರದು. ಹಾಗೆ ಮಾಡಿ” ಅಂದಳು.

ಪಾರ್ಲರಮ್ಮ ಹಾಗೇ ಮಾಡಿದಳು. ಕಪ್ಪನ್ನೆಲ್ಲ ಬ್ಲೀಚ್ ಹಾಕಿ ತೆಗೆದು, ಹೊಳೆಯುವ ಚಿನ್ನ ಕೂರಿಸಿದಳು. ಮನೆಗೆ ಹೋದಾಗ ಗಂಡ ಬಾಗಿಲು ತೆಗೆದ. ಗಂಡ ಗೋಡೆಗೆ ಬಣ್ಣ ಹೊಡೆಯುವ ಪೇಂಟರ್. ಹೆಂಡತಿಯ ತಲೆಯನ್ನು ಒಂದು ಸುತ್ತು ನೋಡಿ, “ಯಾವ ಕಂಪನಿ ಶೇಡು?” ಅಂದ. ಅಷ್ಟೇ. ಒಳ್ಳೆಯ ಮನುಷ್ಯ, ಆದರೆ ಬಣ್ಣದ ವಿಷಯ ಬಂದರೆ ಪ್ರಪಂಚದಲ್ಲಿ ತನ್ನನ್ನು ಬಿಟ್ಟರೆ ಇಲ್ಲ ಅನ್ನುವ ಜಂಬ. ಆ ಜಂಬ ಮುಂದೆ ಏನು ಅವಾಂತರ ಮಾಡಿತು ಅನ್ನುವುದನ್ನು ಹೇಳುತ್ತೇನೆ, ತಡೆಯಿರಿ.

ಬಂಗಾರಿಗೆ ತಲೆ ಮೇಲಿನ ಚಿನ್ನದಿಂದ ಸಿಕ್ಕ ಸುಖ ಸುಳ್ಳಲ್ಲ. ಮಕ್ಕಳು ಕೈ ಬೀಸುತ್ತಿದ್ದರು. ಮುದುಕರು ಹತ್ತುವಾಗ “ಏನಮ್ಮ ಬಂಗಾರಿ” ಅಂತ ಮಾತಾಡಿಸುತ್ತಿದ್ದರು. ಬಕೀಟು ದಾಟಿ ಹೋಗುತ್ತಿದ್ದ ಡ್ರೈವರುಗಳೇ ಈಗ ಟೀ ತಂದುಕೊಡುತ್ತಿದ್ದರು. ಇಷ್ಟೆಲ್ಲ ಸರಿ, ಆದರೆ ಒಂದು ಕಡೆ ಮಾತ್ರ ಬಂಗಾರಿಯ ಬಂಗಾರ ನಡೆಯುತ್ತಿರಲಿಲ್ಲ. ಅದು ಅವಳ ತಾಯಿಯ ಮುಂದೆ.

ತಾಯಿ ಮೂವತ್ತು ವರ್ಷ ದುಡಿದದ್ದು ಕೂದಲಿನ ಶೆಡ್ಡಿನಲ್ಲಿ. ಎಲ್ಲೆಲ್ಲಿಂದಲೋ ಮೂಟೆ ಮೂಟೆ ಕೂದಲು ಬಂದು ಬೀಳುತ್ತಿತ್ತು. ಅದನ್ನು ತೊಳೆದು, ಸಿಕ್ಕು ಬಿಡಿಸಿ, ಉದ್ದ ನೋಡಿ, ಜಾತಿ ನೋಡಿ ಬೇರೆ ಮಾಡಿ, ವಿಗ್ ಮಾಡುವವರಿಗೆ ಕಳಿಸಬೇಕು. ತಾಯಿಗೆ ಕಣ್ಣೇ ಬೇಕಿರಲಿಲ್ಲ. ಎರಡು ಬೆರಳ ನಡುವೆ ಒಂದು ಎಳೆ ಹಿಡಿದು ಬುಡದಿಂದ ತುದಿಗೆ ಎಳೆದರೆ ಸಾಕು, ಇದು ಚಿಕ್ಕ ವಯಸ್ಸಿನವರದ್ದು, ಇದು ಜ್ವರ ಬಂದು ಎದ್ದವರದ್ದು, ಇದಕ್ಕೆ ಮುಂಚೆಯೇ ಯಾರೋ ಬಣ್ಣ ಹಾಕಿದ್ದಾರೆ ಅಂತ ಹೇಳಿ ಮೂರು ಬುಟ್ಟಿಗೆ ಎಸೆಯುತ್ತಿದ್ದಳು. ಬೇರೆ ಮಾಡುವ ಕೆಲಸ ಇಲ್ಲದ ದಿನ ಬ್ಲೀಚ್ ತೊಟ್ಟಿಯ ಹತ್ತಿರ ಕೆಲಸ. ಕಪ್ಪು ಕೂದಲನ್ನು ಆ ನೀರಿನಲ್ಲಿ ಅದ್ದಿ, ಬಣ್ಣ ಕಳೆದು, ಬಿಳುಚಿಕೊಂಡ ಮೇಲೆ ಎತ್ತಬೇಕು. ಕೈಗವಸು ಕೊಡುತ್ತಿದ್ದರು, ಆದರೆ ತೂತು ಬಿದ್ದದ್ದು. ಆ ನೀರು ತಾಯಿಯ ಕೈ ತಿಂದು ಹಾಕಿತು. ಅಂಗೈ ಬಿರುಕು, ಉಗುರು ಹಳದಿ, ಬೆರಳ ತುದಿ ಗಟ್ಟಿ.

ಶೆಡ್ಡಿನ ಕೆಲಸ ಬಿಟ್ಟ ದಿನ ತಾಯಿ ಇಬ್ಬರು ಹೆಣ್ಣುಮಕ್ಕಳನ್ನೂ ಎದುರಿಗೆ ಕೂರಿಸಿಕೊಂಡು ಆ ಕೈ ಚಾಚಿದಳು. “ನೋಡ್ರೇ, ಈ ನೀರಲ್ಲಿ ಕೈ ಅದ್ದಿ ನಿಮ್ಮನ್ನ ಸಾಕಿದೆ. ಕಂಡೋರ ಕೂದಲನ್ನ ಸಾಯಿಸಿ ಸಾಯಿಸಿ ನಿಮ್ಮ ಕೂದಲನ್ನ ಬೆಳೆಸಿದೆ. ನಿಮ್ಮ ತಲೆಗೆ ಮಾತ್ರ ಆ ನೀರು ಮುಟ್ಟಿಸ್ಬೇಡಿ. ಬೇರೆ ಏನೂ ಕೇಳಲ್ಲ ನಾನು.”

ಇಬ್ಬರೂ ಆಯ್ತಮ್ಮ ಅಂದಿದ್ದರು. ಚಿಕ್ಕವಳು ಟೈಲರ್, ತಾಯಿಯನ್ನು ತನ್ನ ಹತ್ತಿರವೇ ಇಟ್ಟುಕೊಂಡಿದ್ದಳು, ಮಾತೂ ಉಳಿಸಿಕೊಂಡಳು. ದೊಡ್ಡವಳು ನಮ್ಮ ಬಂಗಾರಿ. ಅವಳಿಗೆ ಪಾರ್ಲರಿನ ಕುರ್ಚಿಯಲ್ಲಿ ಬ್ಲೀಚಿನ ವಾಸನೆ ಮೂಗಿಗೆ ಬಡಿದಾಗ ತಾಯಿ ನೆನಪಾಗಲಿಲ್ಲವಾ ಅಂದರೆ, ಆಯಿತು. ಆದರೆ ಆಸೆ ಅನ್ನುವುದು ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿರುತ್ತದೆ. ಅಷ್ಟು ಹೊತ್ತಿಗೆ ತಾಯಿಯ ಎರಡೂ ಕಣ್ಣಿಗೆ ಪೊರೆ ಬೆಳೆದು ಬೆಳಕು ಯಾವುದು ನೆರಳು ಯಾವುದು ಅನ್ನುವಷ್ಟೇ ಕಾಣುತ್ತಿತ್ತು. ಆಪರೇಷನ್ ಅಂದರೆ, “ಕಣ್ಣಿಗೆ ಕತ್ತರಿ ಹಾಕಿಸ್ಕೊಳ್ಳೋಕೆ ನಾನೇನು ನೀನು ಹೊಲಿಯೋ ಬಟ್ಟೆನಾ?” ಅಂತ ಚಿಕ್ಕಮಗಳ ಬಾಯಿ ಮುಚ್ಚಿಸುತ್ತಿದ್ದಳು. ಕಾಣದವಳಿಗೆ ಯಾವ ಬಣ್ಣವಾದರೇನು ಅಂತ ಬಂಗಾರಿ ತನಗೆ ತಾನೇ ಹೇಳಿಕೊಂಡಳು.

ಆದರೆ ತಾಯಿ ನೋಡುತ್ತಿದ್ದದ್ದು ಕೈಯಿಂದ ತಾನೆ! ಬ್ಲೀಚಾದ ಕೂದಲನ್ನು ಆ ಬೆರಳು ಒಂದು ಉಸಿರಿನಲ್ಲಿ ಕಂಡುಹಿಡಿಯುತ್ತದೆ. ಹಾಗಾಗಿ ಮಗಳು ತಲೆ ತಪ್ಪಿಸಿಕೊಳ್ಳುವುದನ್ನು ಕಲಿತಳು. ತಾಯಿ ತಲೆ ಸವರಲು ಕೈ ಎತ್ತಿದರೆ, “ಬೇಡಮ್ಮ, ತಲೆಯೆಲ್ಲ ಬೆವರು.” ಇನ್ನೊಂದು ಸಲ, “ಕ್ಯಾಪ್ ಹಾಕಿದ್ದೀನಿ, ಡ್ಯೂಟಿಗೆ ಲೇಟಾಯ್ತು.” ಮತ್ತೊಂದು ಸಲ, “ಮೈಯೆಲ್ಲ ಡೀಸೆಲ್ಲು, ಮುಟ್ಬೇಡ.” ಹೀಗೇ ಐದು ವರ್ಷ. ತಂಗಿಗೆ ಗೊತ್ತಿತ್ತು, ಗಂಡನಿಗೆ ಗೊತ್ತಿತ್ತು, ಅಕ್ಕಪಕ್ಕದವರಿಗೆ ಗೊತ್ತಿತ್ತು. ತಾಯಿಯ ಮುಂದೆ ಮಾತ್ರ ಎಲ್ಲರ ಬಾಯಿಗೂ ಬೀಗ. “ಅದೇನೇ, ಜನ ನಿನ್ನನ್ನ ಬಂಗಾರಿ ಬಂಗಾರಿ ಅಂತಾರೆ?” ಅಂತ ಒಂದು ದಿನ ತಾಯಿ ಕೇಳಿದಾಗ, “ನನ್ನ ಗುಣ ನೋಡಮ್ಮ, ಅದಕ್ಕೆ” ಅಂದಳು ಇವಳು. ಪಕ್ಕದಲ್ಲಿ ಬಟನ್ ಹೊಲಿಯುತ್ತಿದ್ದ ತಂಗಿ ಸೂಜಿ ಚುಚ್ಚಿಕೊಂಡಳು.

ಹೀಗಿರುವಾಗ ತಾಯಿ ಇದ್ದಕ್ಕಿದ್ದ ಹಾಗೆ ಆಪರೇಷನ್ನಿಗೆ ಒಪ್ಪಿದಳು. ಯಾರೂ ಒತ್ತಾಯ ಮಾಡಿರಲಿಲ್ಲ. “ಸಾಯೋದರೊಳಗೆ ನಿಮ್ಮ ಮುಖ ಒಂದ್ಸಲ ಸರಿಯಾಗಿ ನೋಡ್ಬೇಕು ಕಣ್ರೇ” ಅಂದಳಂತೆ. ತಂಗಿ ಖುಷಿಯಿಂದ ಫೋನ್ ಮಾಡಿ ಹೇಳಿದಾಗ ಬಂಗಾರಿಗೂ ಖುಷಿಯಾಯಿತು. ಫೋನ್ ಇಟ್ಟು ತಿರುಗಿದವಳಿಗೆ ಗೋಡೆಯ ಕನ್ನಡಿಯಲ್ಲಿ ತನ್ನ ತಲೆ ಕಂಡಿತು ನೋಡಿ, ಖುಷಿ ಅಲ್ಲೇ ಇಂಗಿಹೋಯಿತು. ಅಮ್ಮನ ಕಣ್ಣು ತೆರೆದು ಮೊದಲು ಕಾಣುವುದು ಇದು! ಅಮ್ಮನ ಕೈ ತಿಂದ ಅದೇ ನೀರಿನಲ್ಲಿ ಅದ್ದಿ ತೆಗೆದ ತಲೆ!

“ಇನ್ನು ಒಂದು ವಾರವೂ ಇಲ್ಲ” ಅಂದಳು ಗಂಡನಿಗೆ. “ಅಷ್ಟರಲ್ಲಿ ಇದು ಕಪ್ಪಾಗಬೇಕು. ಇಲ್ಲದಿದ್ರೆ ನಾನು ಅಮ್ಮನ ಮುಂದೆ ನಿಲ್ಲೋದಿಲ್ಲ.”

ನಿಜ ಹೇಳಬೇಕೆಂದರೆ ಚಿನ್ನ ಅವಳಿಗೂ ಸಾಕಾಗಿತ್ತು. ತಿಂಗಳಿಗೊಮ್ಮೆ ಬುಡದಲ್ಲಿ ಕಪ್ಪೂ ಬಿಳಿಯೂ ಇಣುಕುತ್ತಿದ್ದವು, ಮತ್ತೆ ಬ್ಲೀಚು, ಮತ್ತೆ ಉರಿ. ಬಾಚಣಿಗೆ ಇಟ್ಟರೆ ಕೂದಲು ಪಟಪಟ ಮುರಿಯುತ್ತಿತ್ತು, ಮುಟ್ಟಿದರೆ ಒಣಹುಲ್ಲು. ಬಿಡೋಣ ಅಂದರೆ ಬಂಗಾರಿ ಹೋಗಿ ಮತ್ತೆ ‘ನೀರು’ ಆಗಿಬಿಟ್ಟರೆ ಅನ್ನುವ ಒಂದು ಹೆದರಿಕೆ, ಬಾಯಿ ಬಿಟ್ಟು ಯಾರಿಗೂ ಹೇಳದ್ದು. ಈಗ ಅದನ್ನೆಲ್ಲ ಯೋಚಿಸಲು ಪುರುಸೊತ್ತಿಲ್ಲ. ಪಾರ್ಲರಮ್ಮನ ಹತ್ತಿರ ಹೋಗೋಣ ಅಂದರೆ, ಆ ಮಹಾತಾಯಿ ಬಂಗಾರಿಯ ತಲೆಯನ್ನೇ ತನ್ನ ಅಂಗಡಿಯ ಬೋರ್ಡು ಅಂದುಕೊಂಡವಳು. ‘ನನ್ನ ಕೈಕೆಲಸದ ಮೇಲೆ ಮಸಿ ಬಳೀತೀಯಾ?’ ಅಂತ ಜಗಳಕ್ಕೇ ಬಂದಾಳು.

“ಅವಳ್ಯಾಕೆ? ನಾನಿಲ್ವಾ?” ಅಂದ ಪೇಂಟರ್, ಎದೆ ಉಬ್ಬಿಸಿ. “ತಿಳಿ ಬಣ್ಣದ ಮೇಲೆ ಗಾಢ ಬಣ್ಣ ಕೂರಿಸೋದು ಎಡಗೈ ಕೆಲಸ ಕಣೇ. ಗಾಢದ ಮೇಲೆ ತಿಳಿ ಕೂರಿಸೋದೇ ಕಷ್ಟ. ಅದನ್ನ ಅವಳು ಆಗಲೇ ಮಾಡಿಟ್ಟಿದ್ದಾಳೆ. ಇನ್ನು ಒಂದೇ ಕೋಟು, ಮುಗೀತು.”

ಕೇಳಿದರೆ ಹೌದಲ್ಲ ಅನ್ನಿಸುವ ಮಾತು. ಬಂಗಾರಿ ತಲೆ ಆಡಿಸಿದಳು. ಅಂಗಡಿಯಿಂದ ಕಪ್ಪೇ ಅನ್ನಿಸುವಂಥ ಗಾಢ ಕಂದು ಬಣ್ಣದ ಎರಡು ಡಬ್ಬ ಬಂದವು. ಭಾನುವಾರ ಬೆಳಿಗ್ಗೆ ಬಚ್ಚಲುಮನೆಯಲ್ಲಿ ಸ್ಟೂಲು ಹಾಕಿ ಹೆಂಡತಿಯನ್ನು ಕೂರಿಸಿ, ಹಳೇ ಅಂಗಿ ಹೊದಿಸಿ, ನೆಲಕ್ಕೆ ಹಳೇ ಪೇಪರು ಹಾಸಿ, ಬಾಗಿಲ ಚೌಕಟ್ಟಿಗೆ ಟೇಪು ಅಂಟಿಸಿ, ಪೇಂಟರ್ ಕೆಲಸಕ್ಕೆ ನಿಂತ. ಕಿಟಕಿ ಅಂಚಿಗೆ ಹೊಡೆಯುವ ಸಣ್ಣ ಬ್ರಷ್ಷು ಹೊಸದಾಗಿ ತಂದಿದ್ದ. ಮೇಲಿಂದ ಕೆಳಕ್ಕೆ, ಒಂದೇ ದಿಕ್ಕಿಗೆ, ಎಲ್ಲೂ ಪಟ್ಟೆ ಬೀಳದ ಹಾಗೆ ಹೊಡೆದ. “ಆಹಾ, ಎಷ್ಟು ಚೆನ್ನಾಗಿ ಹೀರ್ಕೊಳ್ತಾ ಇದೆ ನೋಡು!” ಅಂತ ತನ್ನ ಬೆನ್ನು ತಾನೇ ತಟ್ಟಿಕೊಂಡ.

ತೊಳೆದು ಟವೆಲ್ ಬಿಚ್ಚಿದಾಗ ಬಚ್ಚಲಿನ ಮಂಕು ದೀಪಕ್ಕೆ ಏನೂ ಗೊತ್ತಾಗಲಿಲ್ಲ. ಕಿಟಕಿಯ ಬೆಳಕಿಗೆ ಬಂದು ಕನ್ನಡಿ ಹಿಡಿದರು.

ಹಸಿರು! ಎಲೆ ಹಸಿರಲ್ಲ, ಗಿಳಿ ಹಸಿರಲ್ಲ. ನೀರಿನ ತೊಟ್ಟಿಯ ಗೋಡೆಗೆ ಕಟ್ಟಿಕೊಳ್ಳುತ್ತದಲ್ಲ ಪಾಚಿ, ಆ ಹಸಿರು. ನಡುನಡುವೆ ಬೂದಿ.

“ಇದೇನ್ರೀ ಇದು?” ಬಂಗಾರಿ ಕನ್ನಡಿಯನ್ನು ಇನ್ನೂ ಹತ್ತಿರ ಎಳೆದುಕೊಂಡಳು.

“ಇನ್ನೂ ಒದ್ದೆ ಇದೆಯಲ್ಲ” ಅಂದ ಪೇಂಟರ್. ಗೋಡೆ ಬಣ್ಣ ಹಿಡಿಸದ ಮನೆಯವರಿಗೆಲ್ಲ ಅವನು ಹೇಳುವ ಮಾತು ಅದು. “ಒಣಗಿದ ಮೇಲೆ ನಿಜವಾದ ಬಣ್ಣ ಬರುತ್ತೆ.”

ಒಣಗಿತು. ನಿಜವಾದ ಬಣ್ಣ ಬಂತು. ಇನ್ನೂ ಹಸಿರು.

ಬಂಗಾರಿ ಸ್ಟೂಲಿನ ಮೇಲೆ ಕುಸಿದು ಕೂತು ಅತ್ತಳು. ಅವಳು ಅಳುವವಳಲ್ಲ, ತುಂಬಿದ ಬಸ್ಸಿನ ಬ್ರೇಕು ಇಳಿಜಾರಿನಲ್ಲಿ ಕೈಕೊಟ್ಟಾಗಲೂ ಅತ್ತವಳಲ್ಲ. ಪೇಂಟರ್ ನಾಲಿಗೆ ಕಚ್ಚಿಕೊಂಡು, ಬ್ರಷ್ಷು ತೊಳೆಯುವುದನ್ನೂ ಮರೆತು, ಚಪ್ಪಲಿ ಮೆಟ್ಟಿ ಹೊರಟ. ಎಲ್ಲಿಗೆ ಅಂತ ಹೇಳಲಿಲ್ಲ. ಅರ್ಧ ಗಂಟೆ ಬಿಟ್ಟು ಬಂದಾಗ ಅವನ ಹಿಂದೆ ಪಾರ್ಲರಮ್ಮ, ಕೈಯಲ್ಲಿ ಪೆಟ್ಟಿಗೆ. ಭಾನುವಾರದ ನಿದ್ದೆಯಿಂದ ಎಬ್ಬಿಸಿಕೊಂಡು ಬಂದಿದ್ದ.

ಪಾರ್ಲರಮ್ಮ ಬಾಗಿಲಲ್ಲೇ ನಿಂತು ಬಂಗಾರಿಯ ತಲೆಯನ್ನು ನೋಡಿದಳು. ಆಮೇಲೆ ಪೇಂಟರನ್ನು ನೋಡಿದಳು.

“ಎಷ್ಟು ಕೋಟು ಹೊಡೆದ್ರಿ?”

“ಒಂದೇ” ಅಂದ ಪೇಂಟರ್ ಸಣ್ಣ ದನಿಯಲ್ಲಿ.

“ಪುಣ್ಯ. ಎರಡು ಹೊಡೆದಿದ್ರೆ ಕಪ್ಪೆ ಬಂದು ವಟಗುಟ್ತಿತ್ತು.” ಆಮೇಲೆ ಬಂಗಾರಿಯ ಕಡೆ ತಿರುಗಿದಳು. “ಅಲ್ಲಮ್ಮ, ಐದು ವರ್ಷ ನನ್ನ ಕೈಗೆ ತಲೆ ಕೊಟ್ಟವಳು, ಬಿಡ್ತೀನಿ ಅಂತ ಒಂದು ಮಾತು ಹೇಳಿದ್ರೆ ನಾನೇನು ನಿನ್ನನ್ನ ತಿಂದುಬಿಡ್ತಿದ್ನಾ? ನಾನೇ ಹೇಳೋಣ ಅಂತಿದ್ದೆ. ಹೀಗೇ ಬಿಟ್ಟರೆ ಇನ್ನೊಂದು ವರ್ಷಕ್ಕೆ ನಿನ್ನ ತಲೇಲಿ ಕೂದಲೇ ಇರಲ್ಲ, ಬರೀ ನೆತ್ತಿ. ಹೇಳಿದ್ರೆ ನೀನು ಬೇಜಾರು ಮಾಡ್ಕೋತೀಯ ಅಂತ ಸುಮ್ನಿದ್ದೆ.”

ಇಬ್ಬರೂ ಒಬ್ಬರಿಗೊಬ್ಬರು ಹೆದರಿಕೊಂಡು ಇಷ್ಟು ದಿನ ಬೇಡದ ಚಿನ್ನವನ್ನು ಹೊತ್ತಿದ್ದರು ಅನ್ನಿ!

ಹಾಸಿದ ಪೇಪರಿನ ಮೇಲೇ ಪಾರ್ಲರಮ್ಮ ಪೆಟ್ಟಿಗೆ ಬಿಚ್ಚಿದಳು. ಕೆಲಸ ಮಾಡುತ್ತ ಹೇಳಿದಳು. ಕಪ್ಪು ಕೂದಲ ಒಳಗೆ ಕೆಂಪು ಇರುತ್ತೆ, ಕಣ್ಣಿಗೆ ಕಾಣಲ್ಲ ಅಷ್ಟೇ. ಬ್ಲೀಚು ಹಾಕಿದಾಗ ಆ ಕೆಂಪೆಲ್ಲ ಹೋಗಿಬಿಟ್ಟಿರುತ್ತೆ. ಕೆಂಪಿಲ್ಲದ ಕೂದಲಿಗೆ ಸೀದಾ ಕಂದು ಬಳಿದರೆ ಹಿಡಿಯೋಕೆ ಅದಕ್ಕೆ ಏನೂ ಸಿಗಲ್ಲ, ಹಸಿರಾಗುತ್ತೆ. ಮೊದಲು ಕೆಂಪು ತುಂಬಬೇಕು, ಅದರ ಮೇಲೆ ಕಂದು.

ಪೇಂಟರ್ ಹಣೆ ಚಚ್ಚಿಕೊಂಡ. “ಅಯ್ಯೋ, ಪ್ರೈಮರ್! ಪ್ರೈಮರ್ ಹಾಕದೆ ಹೊಡೆದುಬಿಟ್ಟೆ! ಹೊಸ ಹುಡುಗರಿಗೆ ದಿನಾ ಬೈತೀನಿ, ಪ್ರೈಮರ್ ಇಲ್ದೆ ಗೋಡೆ ಮುಟ್ಬೇಡಿ ಅಂತ. ಸ್ವಂತ ಹೆಂಡತಿ ತಲೆಗೆ ಮರೆತೆನಲ್ಲೇ!” ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವುದು ಇದಕ್ಕೇ. ಅವತ್ತು ಪೂರ್ತಿ ಅವನು ಪಾರ್ಲರಮ್ಮ ಹೇಳಿದ ಹಾಗೆ ಬಟ್ಟಲು ಹಿಡಿದುಕೊಂಡು ನಿಂತ, ಒಂದೂ ಎದುರುಮಾತಾಡದೆ.

ಮೊದಲು ಪಾಚಿಯನ್ನು ತೊಳೆದು ತೊಳೆದು ಸಾಕಷ್ಟು ಇಳಿಸಿದಳು. ತುದಿಯ ಸತ್ತ ಕೂದಲು ನಾಲ್ಕು ಬೆರಳು ಕತ್ತರಿಸಿದಳು. ಆಮೇಲೆ ಕೆಂಪು. ಅದನ್ನು ತೊಳೆದು ಕನ್ನಡಿ ನೋಡಿದ ಬಂಗಾರಿ ಚೀರಿದಳು. ತಲೆಗೆ ಬೆಂಕಿ ಬಿದ್ದ ಹಾಗೆ ತಾಮ್ರದ ಬಣ್ಣ! “ಸುಮ್ನೆ ಕೂತ್ಕೊ, ಇದು ದಾರಿ, ಊರಲ್ಲ” ಅಂದಳು ಪಾರ್ಲರಮ್ಮ. ಕೊನೆಗೆ ಕಂದು ಕಲೆಸುವಾಗ, “ಪೂರ್ತಿ ಕಪ್ಪೇ ಇರಲಿ” ಅಂತ ಬಂಗಾರಿ ಗೋಗರೆದಳು. ಪಾರ್ಲರಮ್ಮ ಅವಳ ತಲೆ ಬಗ್ಗಿಸಿ, ಕುತ್ತಿಗೆಯ ಹಿಂದೆ, ಬ್ಲೀಚು ಎಂದೂ ಮುಟ್ಟದ ಗಿಡ್ಡ ಕೂದಲನ್ನು ಬೆರಳಿನಿಂದ ಎತ್ತಿ ಪೇಂಟರಿಗೆ ತೋರಿಸಿದಳು. “ಹೇಳಿ, ಇದು ಕಪ್ಪಾ?”

ಪೇಂಟರ್ ಬಗ್ಗಿ ನೋಡಿದ. ಈ ಸಲ ಜಂಬ ಮಾಡಲಿಲ್ಲ. “ಕಪ್ಪಲ್ಲ. ಟೀ ಡಿಕಾಕ್ಷನ್ನು. ಗಟ್ಟಿ ಡಿಕಾಕ್ಷನ್ನು.”

“ಹಾಂ. ಇದೇ ಇವಳ ಬಣ್ಣ.” ಅದಕ್ಕೇ ಹೊಂದಿಸಿ ಕಲೆಸಿದಳು.

ಸಂಜೆ ಹೊತ್ತಿಗೆ ಕೂದಲು ಒಣಗಿತು. ಕಿಟಕಿಯ ಹತ್ತಿರ ಕನ್ನಡಿ ಹಿಡಿದಾಗ ಬಂಗಾರಿ ಮೊದಲು ಕಣ್ಣು ಮುಚ್ಚಿಕೊಂಡಿದ್ದಳು. ಒಂದು ಕಣ್ಣು ತೆರೆದಳು. ಆಮೇಲೆ ಎರಡೂ. ಕನ್ನಡಿಯಲ್ಲಿ ಯಾರೋ ಪರಿಚಯದವಳು ಇದ್ದಳು, ಬಹಳ ದಿನ ಊರಲ್ಲಿಲ್ಲದೆ ವಾಪಸು ಬಂದವಳು. ಹುಬ್ಬಿಗೂ ಕೂದಲಿಗೂ ಈಗ ಜಗಳವಿರಲಿಲ್ಲ. ಮುಖ ದಣಿದ ಹಾಗೆ ಕಾಣುತ್ತಿರಲಿಲ್ಲ. “ಅಬ್ಬಾ!” ಅಂದಳು ಬಂಗಾರಿ, ಐದು ವರ್ಷದಿಂದ ಹಿಡಿದಿಟ್ಟ ಉಸಿರನ್ನೆಲ್ಲ ಒಂದೇ ಸಲ ಬಿಟ್ಟವಳಂತೆ. ಪಾರ್ಲರಮ್ಮನ ಕೈ ಹಿಡಿದುಕೊಂಡಳು, ಪೇಂಟರನ ಬೆನ್ನಿಗೆ ಒಂದು ಗುದ್ದು ಗುದ್ದಿದಳು, ಮತ್ತೆ ಅದೇ ಬೆನ್ನಿಗೆ ಹಣೆ ಆನಿಸಿ ನಕ್ಕಳು.

ಮಾರನೇ ದಿನ ಡ್ಯೂಟಿ. ಎದೆಯಲ್ಲಿ ಸ್ವಲ್ಪ ಅಳುಕು ಇತ್ತು. ಮೊದಲ ಸ್ಟಾಪಿನಲ್ಲಿ ಜನ ಬಸ್ಸು ಹತ್ತಿರ ಬರುವವರೆಗೂ ಕೂತೇ ಇದ್ದರು, ನಂಬರು ನೋಡಿ ಗಡಬಡಿಸಿ ಎದ್ದರು. ದಿನಾ ಬರುವ ಮುದುಕನೊಬ್ಬ ಮೆಟ್ಟಿಲು ಹತ್ತಿ, ಅವಳ ಮುಖವನ್ನೂ ಸರಿಯಾಗಿ ನೋಡದೆ, “ಇವತ್ತು ನಮ್ಮ ಬಂಗಾರಿ ಇಲ್ವಾ?” ಅಂದ.

“ರಜಾ ಹಾಕಿದ್ದಾಳೆ ತಾತ.”

“ಅಯ್ಯೋ, ಹುಷಾರಿಲ್ವಾ?”

“ಈಗ ಹುಷಾರಾಗಿದ್ದಾಳೆ.”

ದನಿ ಕೇಳಿ ಮುದುಕ ತಿರುಗಿ ನೋಡಿ, ಕಣ್ಣು ಅರಳಿಸಿ, “ಎಲಾ ಇವಳಾ! ನೀನೇನಮ್ಮ?” ಅಂದ. ಬಸ್ಸೆಲ್ಲ ನಕ್ಕಿತು. ಚೆನ್ನಾಗಿದೆ ಅಂದರು ಕೆಲವರು, ಮೊದಲಿನದೇ ಚೆನ್ನಾಗಿತ್ತು ಅಂದರು ಕೆಲವರು. ಆದರೆ ಇಳಿಯುವಾಗ ಎಲ್ಲರೂ ಮಾಮೂಲಿನ ಹಾಗೆ “ಬರ್ತೀವಿ ಬಂಗಾರಿ” ಅಂತಲೇ ಇಳಿದರು. ‘ನೀರು’ ಅಂತ ಯಾರೂ ಕರೆಯಲಿಲ್ಲ. ಆ ಹೆದರಿಕೆ ಇಷ್ಟು ಸಣ್ಣದಿತ್ತಾ ಅಂತ ಅವಳಿಗೇ ನಗು ಬಂತು.

ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಮೊದಲು ಒಂದು ಕಣ್ಣು. ಪಟ್ಟಿ ಬಿಚ್ಚುವ ಬೆಳಿಗ್ಗೆ ಬಂಗಾರಿ, ಗಂಡ, ತಂಗಿ ಮೂವರೂ ಆಸ್ಪತ್ರೆಗೆ ಹೋದರು. ತಾಯಿ ಮಂಚದ ಅಂಚಿನಲ್ಲಿ ನೆಟ್ಟಗೆ ಕೂತಿದ್ದಳು, ಶಾಲು ಹೊದ್ದು, ಪರೀಕ್ಷೆಗೆ ಕೂತ ಶಾಲೆ ಹುಡುಗಿಯ ಹಾಗೆ. ನರ್ಸು ಪಟ್ಟಿ ತೆಗೆದು ಕಣ್ಣಿನ ಸುತ್ತ ಒರೆಸಿ, “ಮೆಲ್ಲಗೆ ತೆಗೀರಿ ಅಜ್ಜಿ” ಅಂದಳು. ಬಂಗಾರಿಗೆ ಇವತ್ತು ಕ್ಯಾಪ್ ಇಲ್ಲ, ಸ್ಕಾರ್ಫ್ ಇಲ್ಲ, ಕೂದಲು ಬಿಚ್ಚಿ ಬೆನ್ನ ಮೇಲೆ ಬಿಟ್ಟಿದ್ದಳು.

ತಾಯಿ ಮೊದಲು ನರ್ಸನ್ನು ನೋಡಿದಳು. ಚಿಕ್ಕಮಗಳನ್ನು ನೋಡಿ, “ಕನ್ನಡಕ ಯಾವಾಗ ಹಾಕ್ಕೊಂಡೆ?” ಅಂದಳು. ಅಳಿಯನನ್ನು ನೋಡಿ, “ಹೊಟ್ಟೆ ಬಂದಿದೆ” ಅಂದಳು. ಆಮೇಲೆ ದೊಡ್ಡಮಗಳ ಮೇಲೆ ಕಣ್ಣು ನಿಂತಿತು. ತುಂಬ ಹೊತ್ತು ನಿಂತಿತು.

“ಮುಖ ದುಂಡಗಾಗಿದೆ” ಅಂದಳು. “ಚೆನ್ನಾಗಿದ್ದೀಯ. ಕೂದಲು ಹಾಗೇ ಇದೆಯಲ್ಲೇ ನಿಂದು! ಒಂದು ಚೂರೂ ಬದಲಾಗಿಲ್ಲ.”

ಗೆದ್ದೆವು! ತಂಗಿ ಕಿಟಕಿಯ ಕಡೆ ತಿರುಗಿ ಉಸಿರು ಬಿಟ್ಟಳು. ಪೇಂಟರ್ ಅತ್ತೆಗೆ ಕಾಣದ ಹಾಗೆ ಹೆಬ್ಬೆಟ್ಟು ಎತ್ತಿ ತೋರಿಸಿದ. ಬಂಗಾರಿ ತಾಯಿಯ ಎದುರಿನ ಸ್ಟೂಲು ಎಳೆದುಕೊಂಡು ಕೂತಳು.

ಹತ್ತಿರ ಕೂತ ಮಗಳ ತಲೆಯ ಕಡೆಗೆ ತಾಯಿಯ ಕೈ ತಾನಾಗೇ ಎದ್ದಿತು. ಬಂಗಾರಿ ಹಿಂದೆ ಸರಿಯುವ ಮುಂಚೆಯೇ ಅರ್ಧ ದಾರಿಯಲ್ಲಿ ನಿಂತಿತು. ತಾಯಿ ಆ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡಳು. ಎಷ್ಟೋ ವರ್ಷದ ಮೇಲೆ ಮೊದಲ ಸಲ ತನ್ನ ಕೈ ತನಗೆ ಕಾಣುತ್ತಿತ್ತು. ಮೆಲ್ಲಗೆ ಶಾಲಿನೊಳಗೆ ಎಳೆದುಕೊಂಡಳು.

“ಯಾಕಮ್ಮ, ಏನಾಯ್ತು?” ಅಂದಳು ಬಂಗಾರಿ.

“ಏನಿಲ್ಲ ಬಿಡು.” ತಾಯಿ ನಗಲು ನೋಡಿದಳು. “ಈಗ ನನಗೇ ಕಾಣ್ತಾ ಇದೆಯಲ್ಲ, ಹೇಗಿದೆ ಅಂತ. ಮರದ ತೊಗಟೆ. ನನಗೇ ನೋಡೋಕಾಗಲ್ಲ, ನಿನಗೆ ಮುಟ್ಟಿಸ್ಕೊಳ್ಳೋಕೆ ಹೇಸಿಗೆ ಆಗಿದ್ರಲ್ಲಿ ತಪ್ಪೇನಿದೆ? ನಾನು ಬೇಜಾರು ಮಾಡ್ಕೊಂಡಿಲ್ಲ ಕಣೇ. ಡ್ರೈವರ್ ಆದವಳು, ನಾಲ್ಕು ಜನದ ಮಧ್ಯೆ ಇರೋಳು. ಅದಕ್ಕೇ ತಾನೆ ಇಷ್ಟು ವರ್ಷ ತಲೆ ತಪ್ಪಿಸ್ತಿದ್ದದ್ದು?”

ಬಂಗಾರಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಅಮ್ಮನಿಗೆ ನೋವಾಗಬಾರದು ಅಂತ ತಾನು ತಪ್ಪಿಸಿಕೊಂಡ ಒಂದೊಂದು ಸಲವೂ ಅಮ್ಮ ಆ ಕತ್ತಲಲ್ಲಿ ಕೂತು ಇದನ್ನು ಅಂದುಕೊಂಡಿದ್ದಳು. ತನ್ನನ್ನು ಸಾಕಿದ ಕೈ ತನಗೆ ಹೇಸಿಗೆ ಅಂತ! ಅಯ್ಯೋ ದೇವರೇ. ಬೆವರು, ಡೀಸೆಲ್ಲು, ಕ್ಯಾಪು ಅಂತ ಹೇಳಿದ ಸುಳ್ಳುಗಳೆಲ್ಲ ಅಮ್ಮನಿಗೆ ಒಂದೇ ಮಾತಾಗಿ ಕೇಳಿಸಿದ್ದವು.

ಬಂಗಾರಿ ಶಾಲಿನೊಳಗೆ ಕೈ ಹಾಕಿ ಆ ಕೈಯನ್ನು ಎಳೆದು ತೆಗೆದಳು. “ಅಕ್ಕಾ, ಬೇಡ” ಅಂತ ತಂಗಿ ಹಿಂದಿನಿಂದ ಪಿಸುಗುಟ್ಟಿದಳು. ಬಂಗಾರಿ ಕೇಳಲಿಲ್ಲ. ತಾಯಿಯ ಅಂಗೈಯನ್ನು ತನ್ನ ನೆತ್ತಿಯ ಮೇಲೆ ತಾನೇ ಒತ್ತಿ ಇಟ್ಟುಕೊಂಡಳು.

ಬೆರಳು ಸುಮ್ಮನಿರುತ್ತದೆಯೇ? ಒಂದು ಎಳೆ ಹಿಡಿಯಿತು. ಬುಡದಿಂದ ತುದಿಗೆ ಹೋಯಿತು. ನಿಂತಿತು. ಇನ್ನೊಂದು ಎಳೆ ಹಿಡಿಯಿತು.

“ಬ್ಲೀಚು” ಅಂದಳು ತಾಯಿ.

“ಹೂಂ ಅಮ್ಮ. ಐದು ವರ್ಷದಿಂದ. ಚಿನ್ನದ ಬಣ್ಣ ಮಾಡಿಸ್ಕೊಂಡಿದ್ದೆ. ಮೊನ್ನೆ ಭಾನುವಾರ ಇದನ್ನ ಹಾಕಿಸಿದ್ದು, ನಿನ್ನ ಕಣ್ಣಿಗೆ ಬೀಳಬಾರದು ಅಂತ. ಮಾತು ಕೊಟ್ಟು ತಪ್ಪಿದೆ. ನಿನ್ನ ಬೆರಳಿಗೆ ಗೊತ್ತಾಗಿಬಿಡುತ್ತೆ ಅಂತ ಹೆದರಿ ತಲೆ ಕೊಡ್ತಿರಲಿಲ್ಲ. ಅಷ್ಟೇ ಅಮ್ಮ. ಬೇರೆ ಏನೂ ಇಲ್ಲ. ನಿನ್ನ ಕೈ...”

ತಾಯಿ ಆ ಎಳೆಯನ್ನು ಇನ್ನೊಮ್ಮೆ ಬೆರಳ ನಡುವೆ ಎಳೆದಳು.

“ಇದಕ್ಕಾ?” ಅಂದಳು. “ಇದೊಂದಕ್ಕಾ? ಬರೀ ಕೂದಲಿಗಾ?”

“ಹೂಂ.”

“ಅಯ್ಯೋ ನನ್ನ ಮುಂಡೇದೇ!” ತಾಯಿಗೆ ನಗು ಬಂತು, ನಗುವಿನ ಜೊತೆಗೇ ಕಣ್ಣೀರೂ ಬಂತು. “ಅಳಬಾರದು ಅಜ್ಜಿ, ಆಪರೇಷನ್ ಆದ ಕಣ್ಣು!” ಅಂತ ನರ್ಸು ಓಡಿ ಬಂದು ಹತ್ತಿ ಹಿಡಿದಳು. “ನಾನೆಲ್ಲಿ ಅಳ್ತಿದ್ದೀನಿ, ಅದೇ ಸೋರ್ತಾ ಇದೆ” ಅಂದಳು ತಾಯಿ. ಪೇಂಟರ್ ಗೋಡೆಯ ಕಡೆ ತಿರುಗಿ ಅಲ್ಲಿಯ ಬಣ್ಣವನ್ನು ಬಹಳ ಗಮನವಿಟ್ಟು ನೋಡತೊಡಗಿದ.

ಬಂಗಾರಿ ಮುಖ ಒರೆಸಿಕೊಳ್ಳಲು ತಲೆ ಎತ್ತಲು ಹೋದಳು. ನೆತ್ತಿಯ ಮೇಲಿನ ಕೈ ಎತ್ತಲು ಬಿಡಲಿಲ್ಲ.

“ಸುಮ್ನೆ ಬಗ್ಗು” ಅಂದಳು ತಾಯಿ. “ಐದು ವರ್ಷದ್ದು ಬಾಕಿ ಇದೆ.”